ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಚರಿತ್ರೆಯನ್ನು ಬೆಂಗಳೂರಿನಲ್ಲಿದ್ದುಕೊಂಡು ಅಭ್ಯಾಸ ಮಾಡುವ ಬಗೆ

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠವಿರಲಿ, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯಿರಲಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಬಗ್ಗೆ ಓದಲು ಕುಳಿತವರ ಮುಂದೆ ಉಗಮ, ಪ್ರಸಾರ, ಸಾಮಾಜಿಕ ಪರಿಣಾಮ ಎಂಬ ಮೂರು ಶೀರ್ಷಿಕೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಹೆಚ್ಚಿನವರು ಮೂರನ್ನೂ ಒಂದೇ ಓಟದಲ್ಲಿ ಓದಿ ಮುಗಿಸುತ್ತಾರೆ. ಹಾಗೆ ಓದಿದಾಗ ಏಳನೆಯ ಶತಮಾನದ ಮೆಕ್ಕಾವನ್ನು ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದ ಕನ್ನಡಕದಿಂದ ನೋಡುವುದೂ, ಗಲಿಲಾಯದ ಬೆಟ್ಟದ ಮೇಲಿನ ಬೋಧನೆಯನ್ನು ಬ್ರಿಟಿಷರ ದಂಡಿನೊಂದಿಗೆ ತಳಕು ಹಾಕುವುದೂ ತಮಗೇ ಗೊತ್ತಿಲ್ಲದಂತೆ ನಡೆದುಹೋಗುತ್ತದೆ. ಈ ಮೂರನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ಹಿಡಿದು, ಒಂದೊಂದಕ್ಕೂ ಬೇರೆ ಬೇರೆ ಬಗೆಯ ಸಾಕ್ಷ್ಯ ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಬೆಂಗಳೂರಿನಲ್ಲಿರುವವರಿಗೆ ಒಂದು ಅನುಕೂಲವಿದೆ: ಪ್ರಸಾರ ಮತ್ತು ಪರಿಣಾಮಗಳ ಸಾಕ್ಷ್ಯ ಬಸ್ಸು ಅಥವಾ ಮೆಟ್ರೊ ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲಿದೆ. ಉಗಮದ ಸಾಕ್ಷ್ಯ ಮಾತ್ರ ಇಲ್ಲಿಲ್ಲ. ಅದನ್ನು ಮನೆಯಲ್ಲಿ, ಭೂಪಟವನ್ನು ಎದುರಿಗಿಟ್ಟುಕೊಂಡು ಓದಿಕೊಳ್ಳಬೇಕು.

ಮೊದಲು ಉಗಮ, ಅದೂ ಅದರ ಸ್ವಂತ ನೆಲದಲ್ಲಿ

ಒಂದು ಹಾಳೆಯ ಮೇಲೆ ಮೆಡಿಟರೇನಿಯನ್ ಸಮುದ್ರದ ಪೂರ್ವ ಕರಾವಳಿಯನ್ನೂ, ಇನ್ನೊಂದರ ಮೇಲೆ ಅರೇಬಿಯಾ ಪರ್ಯಾಯ ದ್ವೀಪವನ್ನೂ ಬರೆದುಕೊಳ್ಳಿ. ಮೊದಲ ಹಾಳೆಯಲ್ಲಿ ಬೆತ್ಲೆಹೇಮ್, ನಜರೇತ್, ಜೆರುಸಲೇಮ್, ಅಂತಿಯೋಕ್, ರೋಮ್‌ಗಳನ್ನು ಗುರುತಿಸಿ. ಯೇಸು ಹುಟ್ಟಿದ್ದು ರೋಮನ್ನರ ಹಿಡಿತದಲ್ಲಿದ್ದ ಯೆಹೂದ್ಯರ ನಾಡಿನಲ್ಲಿ, ಯೆಹೂದ್ಯ ಕುಟುಂಬದಲ್ಲಿ. ಅವರ ಜನನವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿಸ್ತಪೂರ್ವ 6ರಿಂದ 4ರ ನಡುವೆ ಇರಿಸುತ್ತಾರೆ. ಶಿಲುಬೆಗೇರಿಸಿದ್ದು ಪೊಂತಿಯುಸ್ ಪಿಲಾತನು ರಾಜ್ಯಪಾಲನಾಗಿದ್ದ ಕಾಲದಲ್ಲಿ, ಅಂದರೆ ಕ್ರಿಸ್ತಶಕ 26ರಿಂದ 36ರ ನಡುವೆ. ವಿದೇಶಿ ಆಳ್ವಿಕೆ, ತೆರಿಗೆಯ ಹೊರೆ, ಜೆರುಸಲೇಮಿನ ದೇವಾಲಯದ ಪುರೋಹಿತಶಾಹಿ, ಬಿಡುಗಡೆ ಮಾಡುವವನೊಬ್ಬ ಬರುತ್ತಾನೆಂಬ ನಿರೀಕ್ಷೆ, ಇವೆಲ್ಲ ಇದ್ದ ಸಮಾಜದಲ್ಲಿ ಬಡವರು ಧನ್ಯರು, ಶತ್ರುವನ್ನೂ ಪ್ರೀತಿಸಿ ಎಂದು ಹೇಳಿದ ಮಾತಿಗೆ ಎಷ್ಟು ತೂಕವಿತ್ತು ಎಂಬುದನ್ನು ಈ ಹಿನ್ನೆಲೆಯಿಲ್ಲದೆ ತಿಳಿಯಲಾಗದು.

ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳದೆಯೇ ಈ ಮಾರ್ಗಕ್ಕೆ ಬರಬಹುದೆಂದು ಆದಿ ಕ್ರೈಸ್ತ ಪ್ರಚಾರಕ ಪೌಲನು ವಾದಿಸಿ ಗೆದ್ದದ್ದು ಮುಂದಿನ ತಿರುವು. ಗ್ರೀಕ್ ಭಾಷೆಯೂ ರೋಮನ್ನರ ರಸ್ತೆಗಳೂ ಹೊಸ ಬೋಧನೆಯನ್ನು ಪಟ್ಟಣದಿಂದ ಪಟ್ಟಣಕ್ಕೆ ಹೊತ್ತವು. ಇಲ್ಲಿ ಮೂರು ಇಸವಿಗಳನ್ನು ಬರೆದಿಟ್ಟುಕೊಳ್ಳಿ: 313ರಲ್ಲಿ ಮಿಲಾನ್ ಶಾಸನದ ಮೂಲಕ ಕಾನ್‌ಸ್ಟಂಟೈನ್ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟದ್ದು, 325ರಲ್ಲಿ ಬಿಷಪ್ಪರು ಸೇರಿದ ನಿಕೇಯಾ ಮಹಾಸಭೆ, 380ರಲ್ಲಿ ಥಿಯೊಡೋಸಿಯಸ್ ಕಾಲದಲ್ಲಿ ಕ್ರೈಸ್ತ ಧರ್ಮ ಸಾಮ್ರಾಜ್ಯದ ಅಧಿಕೃತ ಧರ್ಮವಾದದ್ದು. ಎಂದರೆ ಸುಮಾರು ಮುನ್ನೂರು ವರ್ಷ ಕಾಲ ಅದು ಅಧಿಕಾರವಿಲ್ಲದೆ, ಆಗಾಗ ಹಿಂಸೆಗೆ ಗುರಿಯಾಗಿ ಬೆಳೆಯಿತು.

ಎರಡನೆಯ ಹಾಳೆಯಲ್ಲಿ ಮೆಕ್ಕಾ, ಮದೀನಾ, ದಮಾಸ್ಕಸ್, ಬಾಗ್ದಾದ್‌ಗಳನ್ನು ಗುರುತಿಸಿ. ಮುಹಮ್ಮದ್ ಪೈಗಂಬರರು ಸುಮಾರು 570ರಲ್ಲಿ ಕುರೈಶ್ ಬುಡಕಟ್ಟಿನಲ್ಲಿ ಹುಟ್ಟಿದರು, ಎಳವೆಯಲ್ಲೇ ಅನಾಥರಾದರು, ವರ್ತಕಿಯಾಗಿದ್ದ ಖದೀಜಾರ ವ್ಯಾಪಾರವನ್ನು ನಡೆಸಿ, ಅವರನ್ನೇ ಮದುವೆಯಾದರು. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಬಂತೆಂದು ಮುಸ್ಲಿಮರು ನಂಬುತ್ತಾರೆ. ಕಾಬಾದ ಸುತ್ತ ಬೆಳೆದಿದ್ದ ವ್ಯಾಪಾರಿ ಊರಿನಲ್ಲಿ ಏಕದೇವೋಪಾಸನೆಯನ್ನೂ, ಅನಾಥರ ಮತ್ತು ಬಡವರ ಹಕ್ಕನ್ನೂ ಎತ್ತಿ ಹೇಳಿದ್ದು ಕುರೈಶ್ ಮುಖಂಡರಿಗೆ ಸಹ್ಯವಾಗಲಿಲ್ಲ. 622ರಲ್ಲಿ ಮದೀನಾಕ್ಕೆ ವಲಸೆ, 630ರಲ್ಲಿ ಮೆಕ್ಕಾ ಶರಣಾಗತಿ, 632ರಲ್ಲಿ ಪೈಗಂಬರರ ನಿಧನ. ಇಲ್ಲಿ ಸಮುದಾಯವೂ ಆಡಳಿತವೂ ಸ್ಥಾಪಕರ ಜೀವಿತಕಾಲದಲ್ಲೇ ಒಟ್ಟಿಗೆ ರೂಪುಗೊಂಡವು. ಎರಡೂ ಧರ್ಮಗಳ ಚರಿತ್ರೆಯನ್ನು ಹೋಲಿಸುವವರು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ.

ರಾಜ್ಯ ಹರಡುವುದು ಬೇರೆ, ಧರ್ಮ ಹರಡುವುದು ಬೇರೆ

ಪೈಗಂಬರರ ನಂತರ ನೂರು ವರ್ಷ ತುಂಬುವ ಮೊದಲೇ, 711ರಲ್ಲಿ ಸ್ಪೇನಿಗೂ 712ರಲ್ಲಿ ಸಿಂಧ್‌ಗೂ ಅರಬ್ ಸೈನ್ಯಗಳು ತಲುಪಿದವು. ಇದನ್ನು ಓದಿದ ವಿದ್ಯಾರ್ಥಿ ಅಷ್ಟು ನೆಲದ ಜನರೆಲ್ಲ ಅದೇ ವೇಗದಲ್ಲಿ ಮುಸ್ಲಿಮರಾದರೆಂದು ಭಾವಿಸುತ್ತಾನೆ. ಈಜಿಪ್ಟಿನಲ್ಲಿ, ಇರಾನಿನಲ್ಲಿ ಬಹುಸಂಖ್ಯಾತರು ಮುಸ್ಲಿಮರಾಗಲು ಶತಮಾನಗಳೇ ಹಿಡಿದವು. ಇತ್ತ ಇಂಡೋನೇಷ್ಯಾದಲ್ಲಿ ಯಾವ ಅರಬ್ ಸೈನ್ಯವೂ ಇಳಿಯದೆ ವರ್ತಕರ ಮತ್ತು ಸೂಫಿಗಳ ಮೂಲಕ ಇಸ್ಲಾಂ ನೆಲೆಯೂರಿತು. ಕ್ರೈಸ್ತ ಧರ್ಮದಲ್ಲೂ ಹೀಗೆಯೇ. ಸಂತ ತೋಮರು ಕ್ರಿಸ್ತಶಕ 52ರಲ್ಲಿ ಮಲಬಾರಿಗೆ ಬಂದರೆಂಬುದು ಕೇರಳದ ಕ್ರೈಸ್ತರ ಪರಂಪರೆಯ ನಂಬಿಕೆ. ಆರನೆಯ ಶತಮಾನದಲ್ಲಿ ಪ್ರವಾಸಿ ಕಾಸ್ಮಾಸ್ ಅಲ್ಲಿನ ಕ್ರೈಸ್ತರನ್ನು ಉಲ್ಲೇಖಿಸುತ್ತಾನೆ, ಕೊಲ್ಲಂನ ತರಿಸಾಪಳ್ಳಿ ತಾಮ್ರಪಟಗಳು 849ರವು. ಯುರೋಪಿನ ಹಡಗುಗಳು ಕಾಣಿಸಿಕೊಳ್ಳುವ ಬಹಳ ಮೊದಲೇ ಇಲ್ಲಿ ಕ್ರೈಸ್ತರಿದ್ದರು.

ಆದ್ದರಿಂದ ಪ್ರಸಾರದ ಪ್ರತಿಯೊಂದು ಘಟನೆಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಇಲ್ಲಿಗೆ ಹೊತ್ತು ತಂದವರು ಯಾರು? ವರ್ತಕನೇ, ಸಂತನೇ ಅಥವಾ ಮಿಷನರಿಯೇ, ದೊರೆಯೇ, ಕೆಲಸ ಹುಡುಕಿ ಬಂದ ವಲಸೆಗಾರನೇ? ಕರ್ನಾಟಕದಲ್ಲಿ ನಾಲ್ವರೂ ಸಿಗುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ. ಇದು ವರ್ತಕರು ಕಟ್ಟಿಕೊಂಡ ಸಮುದಾಯದ ಚಿತ್ರ. ಇದನ್ನು ಓದಿದ ಮೇಲೆ ಕರಾವಳಿಯ ಇಸ್ಲಾಮನ್ನು ದೆಹಲಿಯ ಸುಲ್ತಾನರ ಕಥೆಯಿಂದ ಆರಂಭಿಸಲು ಮನಸ್ಸು ಬರುವುದಿಲ್ಲ. ಕಲಬುರಗಿಯಲ್ಲಿ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಆದರೆ ಅಲ್ಲಿನ ಜನಮನದಲ್ಲಿ ಉಳಿದದ್ದು ಸುಲ್ತಾನರಿಗಿಂತ ಹೆಚ್ಚಾಗಿ, 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರು. ಅವರ ಉರುಸಿಗೆ ಈಗಲೂ ಎಲ್ಲ ಜಾತಿಮತದವರು ಹೋಗುತ್ತಾರೆ. ಕ್ರೈಸ್ತರ ವಿಷಯದಲ್ಲಿ 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದದ್ದು, 1542ರಲ್ಲಿ ಫ್ರಾನ್ಸಿಸ್ ಝೇವಿಯರ್ ಅಲ್ಲಿಗೆ ಬಂದದ್ದು, ಗೋವೆಯಿಂದ ಕೊಂಕಣಿ ಕ್ಯಾಥೊಲಿಕರು ಕೆನರಾಕ್ಕೆ (ಕರ್ನಾಟಕದ ಕರಾವಳಿ ಸೀಮೆಗೆ) ವಲಸೆ ಬಂದದ್ದು, ಹದಿನೇಳನೆಯ ಶತಮಾನದಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಸಂಘವೊಂದರವರಾದ ಜೆಸ್ವಿತರು ಮೈಸೂರು ಸೀಮೆಯಲ್ಲಿ ಕೆಲಸ ಆರಂಭಿಸಿದ್ದು ಬೇರೆ ಬೇರೆ ಎಳೆಗಳು. ಇವನ್ನು ಒಂದೇ ಸಾಲಿನಲ್ಲಿ ಬರೆದರೆ ಉತ್ತರ ಚಿಕ್ಕದಾಗುತ್ತದೆ, ಆದರೆ ಸತ್ಯವೂ ಸೊರಗುತ್ತದೆ.

ಪೇಟೆಯಿಂದ ದಂಡಿಗೆ

ಇಷ್ಟು ಓದಿಕೊಂಡ ಮೇಲೆ ಊರು ನೋಡಲು ಹೊರಡಿ. ಮೊದಲು ಹಳೆಯ ಊರಾದ ಪೇಟೆ, ಆಮೇಲೆ ದಂಡು, ಅಂದರೆ ಬ್ರಿಟಿಷರ ಸೈನಿಕ ನೆಲೆಯಾಗಿದ್ದ ಕಂಟೋನ್ಮೆಂಟ್. ಈ ಕ್ರಮವನ್ನು ಬದಲಿಸಬೇಡಿ, ಏಕೆಂದರೆ ಊರು ಬೆಳೆದದ್ದೂ ಇದೇ ಕ್ರಮದಲ್ಲಿ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನುವ ಪೇಟೆಯನ್ನು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಗೆದ್ದನು, 1687ರಲ್ಲಿ ಮೊಘಲರು ಹಿಡಿದರು, ಅವರಿಂದ ಅದು ಚಿಕ್ಕದೇವರಾಜ ಒಡೆಯರ ಕೈಸೇರಿತು. ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ ಮೊಘಲರ ಆ ಅಲ್ಪಾವಧಿಯದ್ದೆಂದು ಹೇಳಲಾಗುತ್ತದೆ. ಅಲ್ಲಿಂದ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬನ್ನಿ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ, ವೀರಕುಮಾರರ ಕತ್ತಿಗಳ ನಡುವೆ ಮಲ್ಲಿಗೆಯ ಗೋಪುರ ಹೊತ್ತ ಅರ್ಚಕರೊಡನೆ, ಈ ದರ್ಗಾಕ್ಕೂ ಬಂದು ಹೋಗುತ್ತದೆ. ವರ್ಷದಲ್ಲಿ ಒಂದು ಬಾರಿಯಾದರೂ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸಾಮಾಜಿಕ ಪರಿಣಾಮದ ಬಗ್ಗೆ ಹತ್ತು ಪುಟ ಓದಿದರೂ ಸಿಗದ ತಿಳಿವಳಿಕೆ ಅಲ್ಲಿ ನಿಂತವರಿಗೆ ಸಿಗುತ್ತದೆ.

ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲೇ ಇರುವ ಅವೆನ್ಯೂ ರಸ್ತೆಯಲ್ಲಿ, ಪುಸ್ತಕದಂಗಡಿಗಳ ಸಾಲಿನ ನಡುವೆ ರೈಸ್ ಸ್ಮಾರಕ ದೇವಾಲಯವಿದೆ. ಲಂಡನ್ ಮಿಷನ್ನಿನವರು 1820ರಲ್ಲಿ ಬೆಂಗಳೂರಿಗೆ ಬಂದರು. ಆ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಹೆಸರಿನ ಚರ್ಚಿದು. ದಂಡಿನಲ್ಲಿ ಉಳಿದುಬಿಡದೆ ಪೇಟೆಯೊಳಗೆ, ಕನ್ನಡ ಮಾತಾಡುವವರ ನಡುವೆ ಕೆಲಸ ಮಾಡಬೇಕೆಂಬ ಆಯ್ಕೆ ಈ ಕಟ್ಟಡದ ಜಾಗದಲ್ಲೇ ಗೋಚರಿಸುತ್ತದೆ. ಅವರ ಮಗ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮುಂದೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಮೂಲಕ ನಮ್ಮ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ಕದಂಬರ, ಗಂಗರ ಚರಿತ್ರೆಯನ್ನು ಓದುವ ಪ್ರತಿಯೊಬ್ಬ ಕನ್ನಡಿಗನೂ ಈ ಮಿಷನರಿ ಮನೆತನಕ್ಕೆ ಋಣಿ.

ಬ್ರಿಟಿಷರು 1809ರಲ್ಲಿ ದಂಡು ಸ್ಥಾಪಿಸಿದ ಮೇಲಿನ ಬೆಂಗಳೂರು ಬೇರೆಯೇ. ಸೈನ್ಯದ ಹಿಂದೆ ತಮಿಳು ನಾಡಿನಿಂದ ಕೂಲಿಗಳು, ಕುಶಲಕರ್ಮಿಗಳು, ಗುತ್ತಿಗೆದಾರರು ಬಂದರು. ಕಛ್ಛಿ ಮೇಮನ್ ವರ್ತಕರು ಬಂದರು. ಕುದುರೆ ಮಾರಲು ಪರ್ಷಿಯಾದ ಶಿರಾಜಿನಿಂದ ಆಗಾ ಅಲಿ ಅಸ್ಕರ್ ಬಂದು ನೆಲೆಸಿದರು. ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಎದುರಿಗಿರುವ ಸಂತ ಮೇರಿ ಬೆಸಿಲಿಕಾದ ಈಗಿನ ಗಾಥಿಕ್ ಕಟ್ಟಡ 1882ರಲ್ಲಿ ಪೂರ್ಣಗೊಂಡಿತು. ಆಗಸ್ಟ್ 29ರಂದು ಧ್ವಜ ಏರಿಸಿ ಸೆಪ್ಟೆಂಬರ್ 8ರಂದು ಮುಗಿಯುವ ಹಬ್ಬದಲ್ಲಿ ಸೀರೆಯುಟ್ಟ ಮಾತೆಯ ಪ್ರತಿಮೆಯ ಮುಂದೆ ಕ್ರೈಸ್ತರಲ್ಲದವರೂ ಮೇಣದ ಬತ್ತಿ ಹಿಡಿದು ನಿಲ್ಲುತ್ತಾರೆ. ಕಾವಿ ಬಣ್ಣದ ಬಟ್ಟೆ ತೊಟ್ಟು ಹರಕೆ ತೀರಿಸುವ ಪದ್ಧತಿ ರೋಮಿನಿಂದ ಬಂದದ್ದಲ್ಲ, ಇದೇ ನೆಲದ್ದು.

ಹೋಗುವಾಗ ಪಾಲಿಸಬೇಕಾದ ಕೆಲವು ಮರ್ಯಾದೆಗಳಿವೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿನಲ್ಲಿ ಮಸೀದಿಗೂ, ಭಾನುವಾರ ಬೆಳಿಗ್ಗೆ ಆರಾಧನೆಯ ವೇಳೆ ಚರ್ಚಿಗೂ ಕಟ್ಟಡ ನೋಡುವ ಉದ್ದೇಶದಿಂದ ಹೋಗಬೇಡಿ. ಮಸೀದಿಯಲ್ಲೂ ದರ್ಗಾದಲ್ಲೂ ಪಾದರಕ್ಷೆ ಹೊರಗೆ ಬಿಟ್ಟು, ತಲೆಯ ಮೇಲೆ ವಸ್ತ್ರ ಹೊದ್ದುಕೊಳ್ಳಿ. ಸ್ತ್ರೀಯರ ಪ್ರವೇಶದ ಬಗ್ಗೆ ಒಂದೊಂದು ಕಡೆ ಒಂದೊಂದು ರೂಢಿಯಿರುವುದರಿಂದ ಬಾಗಿಲಲ್ಲೇ ವಿಚಾರಿಸಿಕೊಳ್ಳಿ. ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ, ಪ್ರಾರ್ಥನೆಯಲ್ಲಿರುವವರ ಮುಖವನ್ನು ತೆಗೆಯಲೇಬೇಡಿ.

ಕಲ್ಲಿನ ಮೇಲಿನ ಇಸವಿಯನ್ನು ಓದುವುದು

ಪ್ರತಿ ಕಟ್ಟಡದಲ್ಲೂ ಅಡಿಗಲ್ಲು, ಗೋಡೆಗೆ ಹಾಕಿದ ಫಲಕ, ಗೋರಿಗಲ್ಲು ಇವುಗಳನ್ನು ಹುಡುಕಿ ಮೂರು ಸಂಗತಿ ಬರೆದುಕೊಳ್ಳಿ: ಇಸವಿ, ಭಾಷೆ, ಹಣ ಕೊಟ್ಟವರ ವೃತ್ತಿ. ಭಾಷೆಯೊಂದೇ ಬಹಳಷ್ಟನ್ನು ಹೇಳಿಬಿಡುತ್ತದೆ. ಇಂಗ್ಲಿಷಿನ ಫಲಕವಿದ್ದರೆ ದಂಡಿನ ಅಧಿಕಾರಿಗಳ ಸಭೆ, ತಮಿಳಿನದಾದರೆ ವಲಸೆ ಬಂದ ದುಡಿಯುವವರ ಸಭೆ, ಕನ್ನಡದ್ದಾದರೆ ಪೇಟೆಯ ಅಥವಾ ಹಳ್ಳಿಯ ಸಭೆ ಎಂದು ಪ್ರಾಥಮಿಕವಾಗಿ ಊಹಿಸಿ, ಬಳಿಕ ಅಲ್ಲಿನ ಹಿರಿಯರನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು.

ಮುಸ್ಲಿಂ ಸ್ಮಾರಕಗಳಲ್ಲಿ, 622ರ ಮದೀನಾ ವಲಸೆಯಿಂದ ಎಣಿಸುವ ಹಿಜರಿ ವರ್ಷವಿರುತ್ತದೆ. ಅದು ಚಾಂದ್ರಮಾನದ್ದಾದ್ದರಿಂದ ಬರೇ 622 ಕೂಡಿದರೆ ತಪ್ಪು ಇಸವಿ ಬರುತ್ತದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ, ಬಂದದ್ದಕ್ಕೆ 622 ಕೂಡಿಸಿ. ಫಲಕದಲ್ಲಿ 1190 ಎಂದಿದ್ದರೆ, ಗುಣಿಸಿದಾಗ ಸುಮಾರು 1154, ಕೂಡಿಸಿದಾಗ 1776, ಅಂದರೆ ಹೈದರಾಲಿಯ ಕಾಲ. ನೇರವಾಗಿ ಕೂಡಿಸಿದ್ದರೆ 1812 ಬಂದು, ಅದು ಬ್ರಿಟಿಷರ ದಂಡಿನ ಕಾಲದ್ದೆಂದು ಬರೆದುಬಿಡುತ್ತಿದ್ದಿರಿ. ಟಿಪ್ಪುವಿನ ಆಳ್ವಿಕೆಯ ಕೊನೆಯ ವರ್ಷಗಳ ನಾಣ್ಯಗಳಲ್ಲಿ ಮೌಲೂದಿ ಎಂಬ ಬೇರೊಂದು ಶಕವಿದೆ. ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಪರಿಣಾಮವನ್ನು ತೂಗುವುದು ಹೇಗೆ

ಮೂರರಲ್ಲಿ ಅತ್ಯಂತ ಕಷ್ಟದ್ದು ಇದೇ, ಹಾಗಾಗಿ ಇಲ್ಲಿ ಹೆಚ್ಚು ಸಮಯ ಕಳೆಯಿರಿ. ಮೊದಲ ಎಚ್ಚರಿಕೆ: ಮುಸ್ಲಿಂ ದೊರೆ ಮಾಡಿದ್ದೆಲ್ಲ ಇಸ್ಲಾಮಿನ ಪರಿಣಾಮವಲ್ಲ, ಬ್ರಿಟಿಷರ ಕಾಲದಲ್ಲಿ ಆದದ್ದೆಲ್ಲ ಕ್ರೈಸ್ತ ಧರ್ಮದ ಪರಿಣಾಮವಲ್ಲ. ಟಿಪ್ಪು ರೇಷ್ಮೆ ಕೃಷಿಗೆ ಉತ್ತೇಜನ ಕೊಟ್ಟದ್ದು ರಾಜ್ಯದ ಆರ್ಥಿಕ ನೀತಿ. 1864ರಲ್ಲಿ ದಂಡಿಗೆ ರೈಲು ಬಂದದ್ದು ಸಾಮ್ರಾಜ್ಯದ ಅಗತ್ಯ. ಇವನ್ನು ಧರ್ಮದ ಖಾತೆಗೆ ಬರೆಯಬೇಡಿ, ಹೊಗಳುವುದಕ್ಕಾಗಲೀ ತೆಗಳುವುದಕ್ಕಾಗಲೀ. ಧರ್ಮದ ಬೋಧನೆಯಿಂದಲೋ ಧಾರ್ಮಿಕ ಸಂಸ್ಥೆಯಿಂದಲೋ ನೇರವಾಗಿ ಹುಟ್ಟಿದ್ದನ್ನು ಮಾತ್ರ ಆಯ್ದುಕೊಳ್ಳಿ.

ಹಾಗೆ ಆಯ್ದಾಗ ಕ್ರೈಸ್ತ ಮಿಷನ್ನುಗಳ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಅಚ್ಚುಕೂಟ. ತಮ್ಮ ಧರ್ಮಗ್ರಂಥವನ್ನು ಎಲ್ಲರೂ ಓದಬೇಕೆಂಬ ಪ್ರೊಟೆಸ್ಟಂಟ್ ಹಂಬಲವೇ ಅವರನ್ನು ಕನ್ನಡ ಕಲಿಯುವಂತೆ, ಅಚ್ಚಿನ ಮೊಳೆ ಹೊಯ್ಯುವಂತೆ, ವ್ಯಾಕರಣ ಬರೆಯುವಂತೆ ಮಾಡಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು; ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಪದಗಳ ನಿಘಂಟನ್ನು ಹಳಗನ್ನಡ ಓದುವವರು ಈಗಲೂ ಕೆಳಗಿಡುವುದಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ ಬಳಿ ಅವರ ಪ್ರತಿಮೆಯಿದೆ. ಹೆಚ್ಚಿನ ಸಂಖ್ಯೆಯಲ್ಲಿ ಮತಾಂತರ ಮಾಡಿಸಬೇಕೆಂಬ ಮಿಷನ್ನಿನ ಆಸೆ ಕನ್ನಡ ನಾಡಿನಲ್ಲಿ ಅಷ್ಟಾಗಿ ಈಡೇರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ಆದರೆ ಅವರ ಅಚ್ಚು, ಶಾಲೆ, ಆಸ್ಪತ್ರೆಗಳ ಪ್ರಯೋಜನ ಪಡೆದವರ ಸಂಖ್ಯೆ ಅದರ ಎಷ್ಟೋ ಪಟ್ಟು. 1886ರ ಸಂತ ಮಾರ್ಥಾ ಆಸ್ಪತ್ರೆ, 1963ರ ಸಂತ ಜಾನ್ಸ್ ವೈದ್ಯಕೀಯ ಕಾಲೇಜುಗಳನ್ನು ನೆನೆದರೆ ಸಾಕು.

ಇಸ್ಲಾಮಿನ ಪರಿಣಾಮಕ್ಕೆ ಬಂದಾಗ ಜಕಾತ್ ಮತ್ತು ವಕ್ಫ್ ಎಂಬ ಎರಡು ವ್ಯವಸ್ಥೆಗಳಿಂದ ಆರಂಭಿಸಿ. ಒಂದು ನಿಗದಿತ ಮಟ್ಟಕ್ಕಿಂತ ಹೆಚ್ಚು ಉಳಿತಾಯವಿರುವವರು ವರ್ಷಕ್ಕೆ ಅದರ ಶೇ. 2.5 ಭಾಗವನ್ನು ಬಡವರಿಗೆ ಕೊಡಬೇಕೆಂಬುದು ಜಕಾತಿನ ನಿಯಮ. ಆಸ್ತಿಯನ್ನು ಧರ್ಮಕಾರ್ಯಕ್ಕೆಂದು ಶಾಶ್ವತವಾಗಿ ಮೀಸಲಿಡುವುದು ವಕ್ಫ್. ದಾನದ ಈ ಮನೋಭಾವಕ್ಕೆ ಉದಾಹರಣೆಯಾಗಿ ಶಿವಾಜಿನಗರದ ಗೋಷಾ ಆಸ್ಪತ್ರೆಯನ್ನು ನೋಡಿ: ಪರದೆ ಪಾಲಿಸುವ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಬರಲು ಹಿಂಜರಿಯುತ್ತಿದ್ದ ಕಾಲದಲ್ಲಿ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠರ ದಾನದಿಂದ ಅದು ಎದ್ದು ನಿಂತಿತು, ಇಂದು ಅಲ್ಲಿಗೆ ಎಲ್ಲ ಸಮುದಾಯದ ತಾಯಂದಿರೂ ಬರುತ್ತಾರೆ. ಕುರಾನ್ ಹೆಣ್ಣುಶಿಶು ಹತ್ಯೆಯನ್ನು ನಿಷೇಧಿಸಿತು, ಮಗಳಿಗೆ ಮಗನ ಪಾಲಿನ ಅರ್ಧದಷ್ಟಾದರೂ ಆಸ್ತಿಯನ್ನು ಹಕ್ಕಾಗಿ ಗೊತ್ತುಪಡಿಸಿತು. ಏಳನೆಯ ಶತಮಾನಕ್ಕೆ ಇದು ದೊಡ್ಡ ಹೆಜ್ಜೆ. ಇಂದಿನ ಸಮಾನತೆಯ ಅಳತೆಗೆ ಸಾಲದು. ಎರಡೂ ಮಾತನ್ನು ಬರೆಯಿರಿ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಬಗ್ಗೆ ಬರೆದದ್ದು ಮುಂದೆ ಯುರೋಪಿಗೆ ತಲುಪಿದ್ದನ್ನೂ ಬಿಡಬೇಡಿ. ನಮ್ಮಲ್ಲಿ ದಖನಿ ಭಾಷೆ, ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ಪದಗಳು, 1819ರಿಂದ 1889ರವರೆಗೆ ಬದುಕಿ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶಿಶುನಾಳ ಶರೀಫರ ತತ್ವಪದಗಳು, ಇವೆಲ್ಲ ಯಾವ ಒಂದು ಧರ್ಮದ ಲೆಕ್ಕಕ್ಕೂ ಪೂರ್ತಿ ಸಿಗದಂತೆ ಬೆರೆತಿವೆ.

ಎರಡೂ ಧರ್ಮಗಳು ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರಿದವು. ಆದರೂ ಇಲ್ಲಿ ಜಾತಿ ಅಳಿಯಲಿಲ್ಲ. ದಲಿತ ಕ್ರೈಸ್ತರು ಚರ್ಚಿನೊಳಗೂ ಸ್ಮಶಾನದಲ್ಲೂ ತಾರತಮ್ಯದ ವಿರುದ್ಧ ದನಿಯೆತ್ತುತ್ತಲೇ ಬಂದಿದ್ದಾರೆ; 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಅವರಿಗೆ ಸಿಗುವುದಿಲ್ಲ. ಹತ್ತಿ ಹಿಂಜುವ ಕಸುಬಿನ ಪಿಂಜಾರರು ಮುಸ್ಲಿಮರೊಳಗೇ ಹಿಂದುಳಿದವರಾಗಿ ಉಳಿದಿದ್ದಾರೆ. ಬೋಧನೆ ಒಂದು, ಬದುಕು ಇನ್ನೊಂದು ಎಂಬ ಈ ಅಂತರವನ್ನು ಮುಚ್ಚಿಟ್ಟು ಬರೆದ ಉತ್ತರಕ್ಕೆ ನಾನಾದರೆ ಪೂರ್ಣ ಅಂಕ ಕೊಡಲಾರೆ.

ವಿವಾದದ ಸಂಗತಿಗಳನ್ನು ಬರೆಯುವ ಕ್ರಮ

ತರಗತಿಯಲ್ಲಿ ಮತಾಂತರ, ಟಿಪ್ಪು, ಗೋವಾ ಎಂದು ಮಾತು ಬಂದೊಡನೆ ದನಿ ಏರುತ್ತದೆ. ಇಂಥ ಕಡೆ ವಿಶೇಷಣಗಳನ್ನು ಕೈಬಿಟ್ಟು, ಯಾರು, ಯಾವಾಗ, ಎಲ್ಲಿ, ಯಾವ ದಾಖಲೆಯ ಪ್ರಕಾರ ಎಂಬ ನಾಲ್ಕನ್ನು ಮಾತ್ರ ಬರೆಸಿ. ಗೋವೆಯಲ್ಲಿ 1560ರಲ್ಲಿ ಆರಂಭವಾಗಿ 1812ರಲ್ಲಿ ರದ್ದಾದ, ಧರ್ಮದ್ರೋಹವನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಜನರನ್ನು ಹಿಂಸಿಸಿತು. ಅದರ ಕಾಟಕ್ಕೆ ಹೆದರಿ ಕೆನರಾಕ್ಕೆ ಬಂದವರಲ್ಲಿ ಹಿಂದೂಗಳೂ ಕ್ರೈಸ್ತರೂ ಇದ್ದರು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1791ರಲ್ಲಿ ಮರಾಠ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದೇ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದನು. ಇವುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಚರಿತ್ರೆಗೆ ಮಾಡುವ ಅನ್ಯಾಯ.

ದಾಖಲೆ ನೋಡಬೇಕಾದವರು ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಇವುಗಳಿಂದ ಆರಂಭಿಸಬಹುದು. ಮಿಷನ್ನುಗಳ ಹಳೆಯ ಕಡತಗಳಿಗೆ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನು ಮುಂಚಿತವಾಗಿ ಅನುಮತಿ ಪಡೆದು ನೋಡಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳಿರುವುದು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ.

ಕೊನೆಗೆ ಬರೆಯಲು ಕುಳಿತಾಗ, ಒಂದು ಹಾಳೆಯನ್ನು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ಉಗಮದ ಇಸವಿಗಳು, ಎರಡನೆಯದರಲ್ಲಿ ಹೊತ್ತು ತಂದವರ ಹೆಸರು ಮತ್ತು ದಾರಿ, ಮೂರನೆಯದರಲ್ಲಿ ನೀವೇ ನೋಡಿದ ಅಥವಾ ದಾಖಲೆಯಲ್ಲಿ ಓದಿದ ಪರಿಣಾಮ. ಪ್ರತಿ ನಮೂದಿನ ಎದುರಿಗೆ ಅದು ಶಾಸನವೋ, ಪ್ರವಾಸಿಯ ಬರಹವೋ, ಸಮುದಾಯದ ನಂಬಿಕೆಯೋ ಎಂದು ಗುರುತು ಹಾಕಿ. ಮೂರನೆಯ ಅಂಕಣ ಖಾಲಿ ಉಳಿದ ಕಡೆ ಊಹೆಯಿಂದ ತುಂಬದೆ ಹಾಗೆಯೇ ಬಿಟ್ಟು, ಮುಂದಿನ ಭಾನುವಾರ ಮಧ್ಯಾಹ್ನ ಆ ಜಾಗಕ್ಕೆ ಹೋಗಿ ಮಸೀದಿಯ ಆಡಳಿತ ನೋಡುವ ಮುತವಲ್ಲಿಯನ್ನೋ ಚರ್ಚಿನ ಸಭಾಪಾಲಕರನ್ನೋ ಕೇಳಿ ಬನ್ನಿ.